ಗೂನು ಹೊಲಿದ ಕಥೆ

ಲಂಗ, ಪೋಲಕ, ದಿಂಬಿನ ಚೀಲ, ಮಕ್ಕಳ ಯೂನಿಫಾರಂ, ಇವನ್ನೆಲ್ಲ ಹೊಲಿಗೆ ಕ್ಲಾಸಿನಲ್ಲಿ ಹೇಳಿಕೊಡುತ್ತಾರೆ. ಗೂನು ಹೊಲಿಯುವುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ನಾನು ಅದನ್ನು ಕಲಿತದ್ದು 1988ರಲ್ಲಿ, ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾ ಎಂಬ ಪುಟ್ಟ ದೇಶದಲ್ಲಿ, ಒಂದು ಶಾಲೆಯ ನಾಟಕಕ್ಕಾಗಿ. ಹಳೆಯ ದಿಂಬಿನ ಹತ್ತಿ ತೆಗೆದು, ನನ್ನದೇ ಒಂದು ಕಂದು ಬಣ್ಣದ ಲಂಗ ಕತ್ತರಿಸಿ, ಮೂರು ಸಲ ಹೊಲಿದು ಎರಡು ಸಲ ಬಿಚ್ಚಿದೆ. ಮೊದಲನೆಯದು ಒಂಟೆಯ ಡುಬ್ಬದ ಹಾಗಿತ್ತು, ಹುಡುಗರೆಲ್ಲ ನಕ್ಕರು. ಎರಡನೆಯದು ಪಾತ್ರ ಮಾಡುವ ಹುಡುಗಿ ಬಗ್ಗಿದ ಕೂಡಲೇ ಸೊಂಟಕ್ಕೆ ಜಾರಿತು. ಮೂರನೆಯದಕ್ಕೆ ರವಿಕೆಯ ಹಾಗೆ ತೋಳು ಇಟ್ಟು, ಮುಂದೆ ಗುಂಡಿ ಹಚ್ಚಿದ ಮೇಲೆ ಅದು ಬೆನ್ನಿಗೆ ಅಂಟಿ ನಿಂತಿತು.

ಆ ಗೂನು ಸುಂಜಾಟನ ತಾಯಿಯದು. ನಮಗೆ ರಾಮಾಯಣ ಮಹಾಭಾರತ ಹೇಗೋ, ಮಂಡಿಂಕಾ ಜನಕ್ಕೆ ಸುಂಜಾಟನ ಕಥೆ ಹಾಗೆ. ಮಾಲಿ, ಗಿನಿ, ಸೆನೆಗಲ್, ಗ್ಯಾಂಬಿಯಾ ಎಲ್ಲ ಕಡೆಯೂ ಅದನ್ನು ಹಾಡುತ್ತಾರೆ. ಸುಮಾರು 1235ರಲ್ಲಿ ಕಿರಿನಾ ಎಂಬಲ್ಲಿ ಯುದ್ಧ ಗೆದ್ದು ಮಾಲಿ ಸಾಮ್ರಾಜ್ಯ ಕಟ್ಟಿದ ದೊರೆ ಆತ. ಆದರೆ ಕಥೆ ಯುದ್ಧದಿಂದ ಶುರುವಾಗುವುದಿಲ್ಲ. ಯಾರೂ ಮದುವೆಯಾಗಲು ಒಪ್ಪದ ಒಬ್ಬ ಗೂನುಬೆನ್ನಿನ ಹುಡುಗಿಯಿಂದ ಶುರುವಾಗುತ್ತದೆ.

ನಾವು ಅಲ್ಲಿಗೆ ಹೋದದ್ದು ಹೇಗೆಂದು ಹೇಳಿಬಿಡುತ್ತೇನೆ. ನಮ್ಮೂರು ಸವಣೂರು. ಕೊಟ್ಟ ಮನೆಯೂ ಅದೇ ಊರು, ಎರಡು ಓಣಿ ಆಚೆ. ನಮ್ಮವರು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಆಗ ನಮ್ಮ ಕಡೆಯ ಮೇಷ್ಟ್ರುಗಳು ಕಾಂಟ್ರಾಕ್ಟಿನ ಮೇಲೆ ಆಫ್ರಿಕಾಕ್ಕೆ ಹೋಗುತ್ತಿದ್ದ ಕಾಲ. ಇವರಿಗೂ ಒಂದು ಕಾಗದ ಬಂತು. 1985ರ ಸೆಪ್ಟೆಂಬರಿನಲ್ಲಿ ನಾಲ್ಕು ವರ್ಷದ ಮಗನನ್ನು ಎತ್ತಿಕೊಂಡು ವಿಮಾನ ಹತ್ತಿದೆವು. ಎತ್ತಿಕೊಂಡು ಅಂದದ್ದು ಸುಮ್ಮನೆ ಅಲ್ಲ. ಒಂದೂವರೆ ವರ್ಷದವನಿದ್ದಾಗ ಅವನಿಗೆ ಜ್ವರ ಬಂದು ಬಲಗಾಲಿಗೆ ಪೋಲಿಯೊ ಹೊಡೆದಿತ್ತು. ಹುಬ್ಬಳ್ಳಿಯಲ್ಲಿ ಮಾಡಿಸಿದ ಕಬ್ಬಿಣದ ಕ್ಯಾಲಿಪರ್ ಹಾಕಿದರೆ ಗೋಡೆ ಹಿಡಿದು ನಡೆಯುತ್ತಿದ್ದ, ಹಾಕದಿದ್ದರೆ ತೆವಳುತ್ತಿದ್ದ.

ಗ್ಯಾಂಬಿಯಾದಲ್ಲಿ ಇಳಿದ ಮರುದಿನ ಹೊರಗೆ ನೋಡಿದರೆ ಬಯಲ ತುಂಬ ನಮ್ಮ ದೊಡ್ಡಹುಣಸೆ ಮಠದ ಮರಗಳು! ಸವಣೂರಿನವರಿಗೆ ಗೊತ್ತು, ಹತ್ತು ಜನ ಕೈ ಹಿಡಿದು ನಿಂತರೂ ಸುತ್ತು ಸಾಲದಂಥ ಬುಡ. ನಾನು ಹುಡುಗಿಯಾಗಿದ್ದಾಗ ಅಲ್ಲಿ ಮೂರು ಮರ ಇದ್ದವು, ಅವನ್ನು ನೋಡಲು ದೂರದಿಂದ ಜನ ಬರುತ್ತಿದ್ದರು. ಇಲ್ಲಿ ನೋಡಿದರೆ ಆಡು ಕಟ್ಟುವುದಕ್ಕೂ ಅದೇ ಮರ. ಬಾವೊಬಾಬ್ ಎನ್ನುತ್ತಾರೆ. ನಮ್ಮೂರಿನ ಮರ ಮೂಲತಃ ಆಫ್ರಿಕಾದ್ದು ಎಂದು ಅಲ್ಲಿಗೆ ಹೋದ ಮೇಲೇ ನನಗೆ ತಿಳಿದದ್ದು. ತವರಿನ ಮರದ ತವರಿಗೇ ಬಂದಿದ್ದೇನೆ ಅನ್ನಿಸಿ ಸ್ವಲ್ಪ ಧೈರ್ಯ ಬಂತು.

ಆ ಮರದ ಎಲೆಯನ್ನು ತಿನ್ನುತ್ತಾರೆಂದು ತೋರಿಸಿಕೊಟ್ಟವಳು ಪಕ್ಕದ ಮನೆಯಾಕೆ. ಎಳೆ ಎಲೆಯನ್ನು ನೆರಳಲ್ಲಿ ಒಣಗಿಸಿ, ಒರಳಲ್ಲಿ ಕುಟ್ಟಿ, ಜರಡಿ ಹಿಡಿದು ಪುಡಿ ಮಾಡಿಡುತ್ತಾರೆ. ಅದಕ್ಕೆ ಲಾಲೊ ಎಂದು ಹೆಸರು. ಸಜ್ಜೆ ಹಿಟ್ಟನ್ನು ನೀರು ಚಿಮುಕಿಸಿ ಕಾಳುಕಾಳಾಗಿ ಉದುರಿಸಿ ಹಬೆಯಲ್ಲಿ ಬೇಯಿಸುವಾಗ ಇದನ್ನು ಬೆರೆಸಿದರೆ ಗಂಟಲಲ್ಲಿ ಸಲೀಸಾಗಿ ಇಳಿಯುತ್ತದೆ. ಬೆಂಡೆಕಾಯಿಯ ಲೋಳೆಯ ಗುಣವೇ ಇದಕ್ಕೂ. ಪುಂಡಿಪಲ್ಯವೂ ಅಲ್ಲಿ ಧಾರಾಳ, ಶೇಂಗಾ ಅಂತೂ ಆ ದೇಶದ ಜೀವ. ಶೇಂಗಾ ಅರೆದು ಟೊಮೆಟೊ ಹಾಕಿ ಕುದಿಸುವ ದೊಮೊದಾ ಎಂಬ ಸಾರಿಗೆ ಅವರು ಮಾಂಸ ಹಾಕುತ್ತಾರೆ, ನಾನು ಬದನೆಕಾಯಿ ಹಾಕುತ್ತಿದ್ದೆ. ನಮ್ಮ ಎಣಗಾಯಿಯ ದೂರದ ನೆಂಟ ಎನ್ನಿ. ಪಕ್ಕದ ಮನೆಯಾಕೆ ತನ್ನ ಗಂಡನಿಗೆ ಎರಡನೆಯ ಹೆಂಡತಿ. ಮೊದಲನೆಯವಳೂ ಅದೇ ಅಂಗಳದಲ್ಲಿ ಬೇರೆ ಒಲೆ ಹೂಡಿಕೊಂಡಿದ್ದಳು. ಇಬ್ಬರೂ ಎದುರು ಬದುರು ಕೂತು ಕುಟ್ಟುತ್ತಿದ್ದರು, ಮಾತು ಮಾತ್ರ ಇರಲಿಲ್ಲ.

ಈಗ ಕಥೆಗೆ ಬರುತ್ತೇನೆ.

ದೋ ಎಂಬ ಸೀಮೆಯಲ್ಲಿ ಒಂದು ಕಾಡೆಮ್ಮೆ ಊರೂರೇ ಹಾಳು ಮಾಡುತ್ತಿತ್ತು. ಅದು ನಿಜವಾಗಿ ಒಬ್ಬ ಮುದುಕಿ. ಆಸ್ತಿಯಲ್ಲಿ ಪಾಲು ಕೊಡಲಿಲ್ಲವೆಂದು ಸಿಟ್ಟಾಗಿ ಎಮ್ಮೆಯ ರೂಪ ತಾಳಿದ್ದಳು. (ಹೆಣ್ಣುಮಕ್ಕಳ ಪಾಲಿನ ಜಗಳ ಅಲ್ಲಿಯೂ ಹಳೆಯದೇ.) ಇಬ್ಬರು ಬೇಟೆಗಾರ ಅಣ್ಣತಮ್ಮಂದಿರು ಮುದುಕಿಗೆ ಅನ್ನ ಕೊಟ್ಟು ಉಪಚಾರ ಮಾಡುತ್ತಾರೆ. ಅವಳು ಮನಸ್ಸು ಕರಗಿ ತನ್ನನ್ನು ಕೊಲ್ಲುವ ಗುಟ್ಟನ್ನು ತಾನೇ ಹೇಳುತ್ತಾಳೆ. ಒಂದು ಷರತ್ತು: ರಾಜ ಬಹುಮಾನವಾಗಿ ಚೆಲುವೆಯರನ್ನು ತೋರಿಸಿದರೆ ಅವರನ್ನು ಬಿಟ್ಟು ಮೂಲೆಯಲ್ಲಿ ಕೂತ ಕುರೂಪಿಯನ್ನು ಆರಿಸಬೇಕು. ಆ ಕುರೂಪಿಯೇ ಸೊಗೊಲೊನ್. ಗ್ಯಾಂಬಿಯಾದವರ ಬಾಯಲ್ಲಿ ಸುಕುಲುಂಗ್. ಅವಳನ್ನು ಮಾಂಡೆನ್ ದೊರೆ ಮದುವೆಯಾಗುತ್ತಾನೆ, ಏಕೆಂದರೆ ಇಂಥವಳ ಹೊಟ್ಟೆಯಲ್ಲಿ ಮಹಾರಾಜ ಹುಟ್ಟುತ್ತಾನೆಂದು ಕಣಿ ಆಗಿರುತ್ತದೆ. ಮಗ ಹುಟ್ಟುತ್ತಾನೆ, ಆದರೆ ಏಳು ವರ್ಷವಾದರೂ ನಡೆಯುವುದಿಲ್ಲ. ನೆಲದ ಮೇಲೆ ತೆವಳುತ್ತಾನೆ. ಹಿರಿಯ ಸವತಿ ಸಾಸುಮಾ ನೋಡಿ ನಗುತ್ತಾಳೆ. ಒಂದು ದಿನ ಸೊಗೊಲೊನ್ ಅಡಿಗೆಗೆಂದು ಬಾವೊಬಾಬ್ ಎಲೆ ಕೇಳಲು ಹೋದರೆ, ಸಾಸುಮಾ ಧಾರಾಳವಾಗಿ ಎಲೆ ಕೊಟ್ಟು ಜೊತೆಗೆ ಮಾತೂ ಕೊಡುತ್ತಾಳೆ: ನನಗೆ ಎಲೆ ಕಿತ್ತು ತರುವ ಮಗ ಇದ್ದಾನೆ, ನಿನ್ನ ಮಗನಿಗೇನಾಗಿದೆ ಎಂದು. ಸೊಗೊಲೊನ್ ಅಳುತ್ತಾ ಬಂದು, ಕೈಗೆ ಸಿಕ್ಕ ಕಟ್ಟಿಗೆಯಿಂದ ಮಗನಿಗೇ ಹೊಡೆಯುತ್ತಾಳೆ. ಅವತ್ತು ಅವನು ಕಬ್ಬಿಣದ ಸಲಾಕೆ ತರಿಸಿ, ಅದನ್ನು ಊರಿಕೊಂಡು ಎದ್ದು ನಿಲ್ಲುತ್ತಾನೆ. ಸಲಾಕೆ ಬಿಲ್ಲಿನ ಹಾಗೆ ಬಾಗುತ್ತದೆ. ಹೋಗಿ ಇಡೀ ಮರವನ್ನೇ ಕಿತ್ತು ತಂದು ತಾಯಿಯ ಬಾಗಿಲಲ್ಲಿ ಇಡುತ್ತಾನೆ.

ಇದು ಜಿಬ್ರಿಲ್ ತಮ್ಸಿರ್ ನಿಯಾನೆ ಎಂಬ ಗಿನಿಯ ಇತಿಹಾಸಕಾರರು ಒಬ್ಬ ಹಾಡುಗಾರನ ಬಾಯಿಂದ ಕೇಳಿ 1960ರಲ್ಲಿ ಫ್ರೆಂಚಿನಲ್ಲಿ ಬರೆದ ಕಥೆ. 1965ರಲ್ಲಿ ಇಂಗ್ಲಿಷಿಗೆ ಬಂತು. ಶಾಲೆಯ ಇಂಗ್ಲಿಷ್ ಮೇಷ್ಟ್ರ ಕೈಯಲ್ಲಿದ್ದದ್ದು ಆ ಪುಸ್ತಕ. ಅವರು ನೈಜೀರಿಯಾದವರು, ದಪ್ಪ ಕನ್ನಡಕದ ಉತ್ಸಾಹಿ. ಅವರ ಕಡೆಯೂ ಓಜಿದಿ ಎಂಬ ದೊಡ್ಡ ಕಥೆ ಇದೆಯಂತೆ, ಇಜೊ ಜನ ಅದನ್ನು ಏಳು ರಾತ್ರಿ ಹೇಳಿ, ಕುಣಿದು, ಹಾಡಿ ಮುಗಿಸುತ್ತಾರಂತೆ. ಜೆ. ಪಿ. ಕ್ಲಾರ್ಕ್ ಎಂಬ ಕವಿ ಅದನ್ನು 1966ರಲ್ಲಿ ನಾಟಕ ಮಾಡಿದರು, ಕಥೆಯ ಪೂರ್ತಿ ಪಾಠವನ್ನು 1977ರಲ್ಲಿ ಅಚ್ಚು ಹಾಕಿಸಿದರು. “ಏಳು ರಾತ್ರಿಯನ್ನು ಹಿಂಡಿ ಎರಡು ಗಂಟೆ ಮಾಡಲು ಆಗುವುದಿಲ್ಲ, ಒಂದು ಎಳೆ ಹಿಡಿದು ಹೋಗಬೇಕು” ಎನ್ನುತ್ತಿದ್ದರು ಮೇಷ್ಟ್ರು. ನಾನು ಹೊಲಿಗೆ ಯಂತ್ರ ಇದ್ದವಳು ಅನ್ನುವ ಒಂದೇ ಕಾರಣಕ್ಕೆ ಈ ಚರ್ಚೆಗಳಲ್ಲಿ ಮೂಲೆಯಲ್ಲಿ ಕೂತಿರುತ್ತಿದ್ದೆ.

ಯಾವ ಎಳೆ? ಹುಡುಗರಿಗೆಲ್ಲ ಯುದ್ಧವೇ ಬೇಕು. ಮಾಟಗಾರ ದೊರೆ ಸುಮಂಗುರು, ಅವನ ಗುಟ್ಟನ್ನು ತಿಳಿದುಕೊಂಡು ಬರುವ ಸುಂಜಾಟನ ಅಕ್ಕ, ಬಿಳಿ ಹುಂಜದ ಕಾಲಿನ ಉಗುರು ಕಟ್ಟಿದ ಬಾಣ. ಅದಕ್ಕೆ ಅಡ್ಡ ಬಂದವನು ಜಾಲಿ ಅಜ್ಜ. ಜಾಲಿ ಎಂದರೆ ವಂಶಪಾರಂಪರ್ಯವಾಗಿ ಕಥೆ ಹಾಡುವವರು. ಅರ್ಧ ಸೋರೆಬುರುಡೆಗೆ ಚರ್ಮ ಬಿಗಿದು 21 ತಂತಿ ಕಟ್ಟಿದ ಕೋರಾ ಅವರ ವಾದ್ಯ. ಅಜ್ಜ ಹೇಳಿದ್ದು ಇಷ್ಟು: ಸುಮಂಗುರು ಕಾಂಟೆ ಮನೆತನದವನು, ನಾಳೆ ನಾಟಕ ನೋಡಲು ಕಾಂಟೆಗಳೂ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಾರೆ, ಅವರ ಮುತ್ತಜ್ಜನನ್ನು ಮಕ್ಕಳ ಕೈಲಿ ಒದೆಸುತ್ತೀರಾ? ಏಳುನೂರೈವತ್ತು ವರ್ಷದ ಹಿಂದಿನ ಯುದ್ಧಕ್ಕೆ ಇವತ್ತು ಮರ್ಯಾದೆ ನೋಡಬೇಕಾಗಿ ಬಂತು! ಮೇಷ್ಟ್ರು ತಲೆ ಕೆರೆದುಕೊಂಡರು. ನಾನು ಅವತ್ತು ಮೊದಲ ಸಲ ಬಾಯಿಬಿಟ್ಟೆ. “ತಾಯಿ ಏನಾದಳು?” ಅಂದೆ. ಮೇಷ್ಟ್ರು ಪುಸ್ತಕ ತಿರುವಿ ಹೇಳಿದರು: ಸವತಿಯ ಕಾಟಕ್ಕೆ ಮಕ್ಕಳನ್ನು ಕಟ್ಟಿಕೊಂಡು ದೇಶಾಂತರ ಹೋಗಿ, ಮಗ ರಾಜನಾಗುವುದನ್ನು ನೋಡದೆ ಪರದೇಶದಲ್ಲೇ ಸತ್ತಳು. ಅಲ್ಲಿನ ದೊರೆ ಅವಳನ್ನು ಹೂಳುವ ಜಾಗಕ್ಕೂ ಬೆಲೆ ಕೇಳಿದ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮೇಷ್ಟ್ರು ಎಳೆ ಸಿಕ್ಕಿತು ಅಂದರು. ಎಮ್ಮೆಯಿಂದ ಮರದವರೆಗೆ, ತಾಯಿಯ ಕಥೆ.

ಇನ್ನೊಂದು ತೊಡಕು. ಜಾಲಿ ವಂಶದವರಲ್ಲದ ಮಕ್ಕಳು ಈ ಕಥೆಯನ್ನು ಬಾಯಿಪಾಠ ಮಾಡಿ ಒಪ್ಪಿಸುವುದು ಅಜ್ಜನಿಗೆ ಸರಿ ಬರಲಿಲ್ಲ. ನನಗೆ ನಮ್ಮ ಕಡೆಯ ದೊಡ್ಡಾಟ ನೆನಪಾಯಿತು. ಭಾಗವತರು ಪಕ್ಕದಲ್ಲಿ ಹಾಡುತ್ತಾರೆ, ವೇಷದವರು ಆಡುತ್ತಾರೆ. ಹಾಗೇ ಮಾಡಬಹುದಲ್ಲ ಅಂದೆ. ಅಜ್ಜ ವೇದಿಕೆಯ ಪಕ್ಕ ಕೋರಾ ಹಿಡಿದು ಕೂತು ಮಂಡಿಂಕಾದಲ್ಲಿ ಕಥೆ ಹೇಳುವುದು, ಮಕ್ಕಳು ಇಂಗ್ಲಿಷಿನಲ್ಲಿ ನಾಲ್ಕು ನಾಲ್ಕು ಮಾತು ಆಡುವುದು ಎಂದಾಯಿತು. ಕಥೆಯ ಪ್ರತಿ ಸಾಲಿಗೂ “ನಾಮು” ಎಂದು ಹೂಂಗುಟ್ಟುವವನೊಬ್ಬ ಬೇಕೇ ಬೇಕು. ಅವನಿಲ್ಲದೆ ಜಾಲಿ ಬಾಯಿ ತೆರೆಯುವುದಿಲ್ಲ. ಅಜ್ಜನ ಸೋದರಳಿಯ ಅದಕ್ಕೆ ಬಂದ.

ಸುಂಜಾಟನ ಪಾತ್ರಕ್ಕೆ ಹುಡುಗ ಸಿಗಲಿಲ್ಲ. ದೊಡ್ಡ ಹುಡುಗರು ತೆವಳಿದರೆ ನಗು ಬರುತ್ತಿತ್ತು. ಒಂದು ಸಂಜೆ ಮೇಷ್ಟ್ರು ನಮ್ಮ ಮನೆಗೆ ಬಂದು, ಚಹಾ ಕುಡಿದು, ಅಳುಕುತ್ತಲೇ ಕೇಳಿದರು. ನಿಮ್ಮ ಮಗನನ್ನು ಕೊಡುತ್ತೀರಾ? ಅವನಿಗೂ ಏಳು ವರ್ಷ.

ನಾನು ಲೋಟ ತೆಗೆದುಕೊಂಡು ಒಳಗೆ ಹೋದವಳು ಹೊರಗೆ ಬರಲೇ ಇಲ್ಲ. ನನ್ನ ಮಗನ ಕಾಲನ್ನು ಊರಿಗೆಲ್ಲ ತೋರಿಸುವುದೇ? ಕಥೆಯ ಹುಡುಗ ಎದ್ದು ಮರ ಕೀಳುತ್ತಾನೆ, ಪರದೆ ಬಿದ್ದ ಮೇಲೆ ನನ್ನ ಹುಡುಗ ಮತ್ತೆ ಅದೇ ಕಬ್ಬಿಣ ಎಳೆದುಕೊಂಡು ಮನೆಗೆ ಬರಬೇಕಲ್ಲ? ನಮ್ಮವರ ಹತ್ತಿರ ಕೂಗಾಡಿದೆ. ಅವರು ಅವನನ್ನೇ ಕೇಳೋಣ ಅಂದರು. ಗಣಿತದವರಿಗೆ ಎಲ್ಲಕ್ಕೂ ಒಂದು ಉತ್ತರ ಇರುತ್ತದೆ.

ಆದರೆ ನನ್ನ ಸಿಟ್ಟಿಗೆ ಬೇರೆ ಕಾರಣವೂ ಇತ್ತು. ಅದನ್ನು ನಮ್ಮವರಿಗೂ ಹೇಳಿರಲಿಲ್ಲ. ಈ ಕಥೆಯಲ್ಲಿ ಎಲೆಯ ಮಾತು ಬಂದಾಗಲೆಲ್ಲ ನನ್ನ ಕೈಯಲ್ಲಿ ಸೂಜಿ ನಿಲ್ಲುತ್ತಿತ್ತು. 1985ರ ನಾಗರಪಂಚಮಿ. ಮನೆ ತುಂಬ ಜನ. ಅತ್ತೆ ವೀಳ್ಯದೆಲೆ ತರಿಸು ಅಂದರು. ನಾನು ಓರಗಿತ್ತಿಗೆ, “ಅಕ್ಕಾ, ನಿಮ್ಮ ಹುಡುಗನ್ನ ಒಂದೀಟು ಕಳಸ್ರಿ, ಒಂದು ಕಟ್ಟು ಎಲಿ ತರಲಿ” ಅಂದೆ. ಆಕೆ ಉಂಡಿ ಕಟ್ಟುತ್ತಿದ್ದವಳು ತಲೆ ಎತ್ತದೆ, “ನನ್ನ ಮಗ ಎಷ್ಟಂತ ಓಡ್ಯಾಡಬೇಕವ್ವಾ? ನಿನಗೂ ಒಂದು ಗಂಡು ಐತೆಲ್ಲ” ಅಂದಳು. ಬೇಕೆಂದು ಅಂದಳೋ, ಬಾಯಿತಪ್ಪಿ ಬಂತೋ, ಇವತ್ತಿಗೂ ನನಗೆ ಗೊತ್ತಿಲ್ಲ. ನಾನು ನಡುಮನೆಗೆ ಬಂದೆ. ನನ್ನ ಹುಡುಗ ಕೈ ಚಾಚಿ, “ಅವ್ವಾ, ಜೋಕಾಲಿಗೆ ಎತಗೊಂಡು ಹೋಗು” ಅಂದ. ಕೈಯಲ್ಲಿ ಬೀಸಣಿಗೆ ಇತ್ತು. ಅದರ ಹಿಡಿಯಿಂದ ಎರಡು ಏಟು ಹೊಡೆದೆ. ಅವನು ಅಳಲಿಲ್ಲ, ನನ್ನನ್ನು ನೋಡಿದ. ನಾನೇ ಬಾಗಿಲು ಹಾಕಿಕೊಂಡು ಅತ್ತೆ.

ಈಗ ನಾಟಕದಲ್ಲಿ ಸೊಗೊಲೊನ್ ಮಗನಿಗೆ ಹೊಡೆಯುವ ಭಾಗ ಬಂದಾಗ ನಾನು ಮೇಷ್ಟ್ರಿಗೆ, ಅದೊಂದು ಬೇಡ, ತಾಯಿ ಅಂಥವಳಲ್ಲ, ತೆಗೆದುಬಿಡಿ ಎಂದೆ. ಮೇಷ್ಟ್ರು ತಕ್ಷಣ ಒಪ್ಪಿ ಪುಟದ ಮೇಲೆ ಗೀಟು ಎಳೆದರು. ಅಷ್ಟು ಹೊತ್ತಿಗೆ ನಮ್ಮ ಹುಡುಗ ರಿಹರ್ಸಲಿಗೆ ಬಂದು ಕೂರಲು ಶುರು ಮಾಡಿದ್ದ. ಪಾತ್ರ ಮಾಡುತ್ತೇನೆಂದು ತಾನೇ ಹೇಳಿದ್ದ, ನನ್ನ ಮಾತು ನಡೆಯಲಿಲ್ಲ. ಅವತ್ತು ಮನೆಗೆ ಬರುವ ದಾರಿಯಲ್ಲಿ ಕೇಳಿದ:

“ಅವ್ವಾ, ಆಕಿ ಹೊಡೆಯೋದು ಯಾಕ ತೆಗಿಸಿದಿ?”

“ಯಾವ ತಾಯಿ ಕುಂಟ ಮಗನ್ನ ಹೊಡಿತಾಳೋ?” ಅಂದೆ. ಅವನ ಎದುರು ಆ ಶಬ್ದ ನಾನು ಅದುವರೆಗೆ ಆಡಿರಲಿಲ್ಲ.

“ನೀ ಹೊಡಿದಿದ್ದೆಲ್ಲ, ಪಂಚಮ್ಯಾಗ. ಆಮೇಲೆ ಒಳಗ ಹೋಗಿ ಅತ್ತಿ. ಆಕಿನೂ ಅಳತಾಳ, ಅದಕ್ಕ ಅಂವ ಏಳತಾನ. ಹೊಡಿಲಿಲ್ಲಂದ್ರ ಅಂವಗ ಹ್ಯಾಂಗ ಗೊತ್ತಾಗಬೇಕು ಆಕಿಗೆ ಎಷ್ಟು ದುಃಖ ಆಗೇತಿ ಅಂತ?”

ನಾಲ್ಕು ವರ್ಷದ ಕೂಸಿಗೆ ನೆನಪಿತ್ತು. ಮೂರು ವರ್ಷ ಒಂದು ಮಾತೂ ಆಡಿರಲಿಲ್ಲ. ಅವತ್ತು ರಾತ್ರಿ ನಮ್ಮವರಿಗೆ ಎಲ್ಲ ಹೇಳಿದೆ. ಮರುದಿನ ಮೇಷ್ಟ್ರ ಹತ್ತಿರ ಹೋಗಿ ಆ ಗೀಟು ಅಳಿಸಿ ಎಂದೆ. ಅವರು ಕಾರಣ ಕೇಳಲಿಲ್ಲ.

ಉಳಿದದ್ದು ಕಬ್ಬಿಣದ ಸಲಾಕೆ. ಅದನ್ನು ಊರಿ ಏಳುವುದು ನಮ್ಮ ಹುಡುಗನಿಗೆ ಆಗುತ್ತಿರಲಿಲ್ಲ, ಜಾರಿ ಬೀಳುತ್ತಿದ್ದ. ಎರಡು ದಿನ ನೋಡಿದ ಅಜ್ಜ ಕೋರಾ ಪಕ್ಕಕ್ಕಿಟ್ಟು ನಕ್ಕ. ನಿಮ್ಮ ಪುಸ್ತಕದಲ್ಲಿ ಸಲಾಕೆ ಬಾಗಿ ನಿಲ್ಲುತ್ತದೆ, ನಾವು ಇಲ್ಲಿ ಹಾಗೆ ಹೇಳುವುದಿಲ್ಲ ಅಂದ. ಅವರು ಹೇಳುವ ಕಥೆಯಲ್ಲಿ ಕಬ್ಬಿಣ ಮುರಿದುಹೋಗುತ್ತದೆ. ಆಮೇಲೆ ತಾಯಿಯನ್ನು ಕರೆಸುತ್ತಾರೆ. ಬಿದ್ದ ಮಗುವನ್ನು ಎತ್ತುವವಳು ತಾಯಿ ತಾನೆ. ಹುಡುಗ ಅವಳ ಹೆಗಲ ಮೇಲೆ ಕೈ ಇಟ್ಟು ಎದ್ದು ನಿಲ್ಲುತ್ತಾನೆ. ಇದು ಅಜ್ಜನ ಸ್ವಂತ ಕಲ್ಪನೆಯೇನೋ ಅಂದುಕೊಂಡಿದ್ದೆ. ಎಷ್ಟೋ ವರ್ಷದ ಮೇಲೆ, ಗಾರ್ಡನ್ ಇನ್ಸ್ ಎಂಬುವರು 1974ರಲ್ಲಿ ಗ್ಯಾಂಬಿಯಾದ ಜಾಲಿಗಳ ಬಾಯಿಂದ ಬರೆದುಕೊಂಡು ಅಚ್ಚು ಹಾಕಿಸಿದ ಪಾಠಗಳಲ್ಲಿ, ಬಂಬಾ ಸೂಸೊ ಹೇಳಿದ ಕಥೆಯಲ್ಲಿ ಅದೇ ಇರುವುದನ್ನು ನೋಡಿದೆ. ಒಂದೇ ಕಥೆ, ಊರು ಬದಲಾದರೆ ಊರುಗೋಲೂ ಬದಲು.

ನಾಟಕದ ದಿನ ಶಾಲೆಯ ಅಂಗಳದಲ್ಲಿ ಊರಿಗೆ ಊರೇ ಸೇರಿತ್ತು. ಶೇಂಗಾ ಗೋಣಿಚೀಲಗಳನ್ನು ಬಿದಿರಿನ ಚೌಕಟ್ಟಿಗೆ ಸುತ್ತಿ ಬಾವೊಬಾಬ್ ಮಾಡಿದ್ದೆವು, ಒಳಗೆ ಇಬ್ಬರು ಹುಡುಗರು ಕೂತು ಅದನ್ನು ನಡೆಸಬೇಕಾಗಿತ್ತು. ಎಮ್ಮೆಯ ಭಾಗ ಚೆನ್ನಾಗಿ ಆಯಿತು. ಸಾಸುಮಾ ಪಾತ್ರದ ಹುಡುಗಿ ಎಷ್ಟು ಚೆನ್ನಾಗಿ ಹಂಗಿಸಿದಳೆಂದರೆ ಹೆಂಗಸರ ಸಾಲಿನಿಂದ ಬೈಗುಳ ಬಂತು. ಸರಿಯಾಗಿ ನಮ್ಮ ಹುಡುಗ ತೆವಳಿಕೊಂಡು ನಡುವೆ ಬಂದು ಕೂತ ಹೊತ್ತಿಗೆ, ಅಜ್ಜನಿಗೆ ಮುಂದಿನ ಸಾಲಿನ ದೊಡ್ಡ ಅತಿಥಿಗಳು ಕಣ್ಣಿಗೆ ಬಿದ್ದರು! ಅವರ ಮನೆತನದ ಹೊಗಳಿಕೆ ಶುರುವಾಯಿತು. ಅಪ್ಪ, ಅಜ್ಜ, ಮುತ್ತಜ್ಜ, ಅವರ ಕುದುರೆ. ಅತಿಥಿಗಳು ಎದ್ದು ಬಂದು ಅಜ್ಜನಿಗೆ ನೋಟು ಕೊಟ್ಟರು. ನೋಟು ಕಂಡು ಇನ್ನೊಂದು ಮನೆತನ ಎದ್ದಿತು. ಕಾಲು ಗಂಟೆ ಹೀಗೇ ನಡೆಯಿತು, ಹುಡುಗ ಮಾತ್ರ ಕೂತೇ ಇದ್ದ. ಮೇಷ್ಟ್ರು ಪರದೆಯ ಹಿಂದೆ ಬೆವರು ಒರೆಸಿಕೊಳ್ಳುತ್ತಿದ್ದರು. ಪುಸ್ತಕವನ್ನು ನಾಟಕ ಮಾಡಬಹುದು, ಜಾಲಿಯನ್ನು ನಾಟಕ ಮಾಡಲು ಬರುವುದಿಲ್ಲ.

ಕಡೆಗೆ ಏಟು ಬಿತ್ತು. ಸಲಾಕೆ ಮುರಿಯಿತು. ಕೋರಾ ನಿಂತಿತು. ಅಜ್ಜ ತಾಯಿಯನ್ನು ಕರೆದ. ನಾನು ಹೊಲಿದ ಗೂನು ಹೊತ್ತ ಹುಡುಗಿ ಬಂದು ಮಂಡಿಯೂರಿದಳು. ನಮ್ಮ ಹುಡುಗ ಅವಳ ಹೆಗಲ ಮೇಲೆ ಒಂದು ಕೈ ಇಟ್ಟ. ಕೂತು ಕೂತು ಎಡಗಾಲಿಗೂ ಜೋಮು ಹಿಡಿದಿತ್ತೆಂದು ಆಮೇಲೆ ಹೇಳಿದ. ಒಮ್ಮೆ ಎದ್ದು ಕುಸಿದ. ಯಾರೋ “ಆ” ಅಂದರು. ಎರಡನೆಯ ಸಲ ಎದ್ದ. ಕ್ಯಾಲಿಪರಿನ ಮೊಣಕಾಲಿನ ಹತ್ತಿರ ಒಂದು ಬಳೆ ಇರುತ್ತದೆ, ಕಾಲು ನೆಟ್ಟಗಾದಾಗ ಅದು ಕೆಳಗೆ ಜಾರಿ ಕೂರುತ್ತದೆ. ಆ ‘ಟಕ್’ ಅನ್ನುವ ಸಪ್ಪಳ ಅಷ್ಟು ಜನರಿಗೂ ಕೇಳಿಸಿತು. ಪರದೆಯ ಹಗ್ಗ ಹಿಡಿದು ನಿಂತಿದ್ದ ನಮ್ಮವರು ಹಗ್ಗವನ್ನೇ ಬಿಟ್ಟರು, ಪರದೆ ಅರ್ಧಕ್ಕೆ ಬಂದು ನಿಂತಿತು. ಗೋಣಿಮರ ಗಡಿಬಿಡಿಯಲ್ಲಿ ಬಂದು ನಾಮು ಅನ್ನುವವನ ಮೇಲೆ ಬಿತ್ತು. ಯಾರೂ ನಗಲಿಲ್ಲ.

ಹೆಂಗಸರು ಎದ್ದು ಬಂದರು. ಅಜ್ಜನಿಗೆ ಕೊಟ್ಟ ಹಾಗೆಯೇ ವೇದಿಕೆ ಹತ್ತಿ ನೋಟು ಕೊಡಲು ಶುರು ಮಾಡಿದರು. ಪಕ್ಕದ ಮನೆಯಾಕೆಯೂ ಸೆರಗಿನಂಥ ತಲೆಬಟ್ಟೆಯ ಗಂಟು ಬಿಚ್ಚಿ ಐದು ದಲಾಸಿಯ ನೋಟು ತೆಗೆದಳು. ಹುಡುಗನಿಗೆ ಕೊಡಲಿಲ್ಲ. ಸೊಗೊಲೊನ್ ಆಗಿದ್ದ ಹುಡುಗಿಯ ಗೂನಿನ ಮೇಲೆ, ಗುಂಡುಸೂಜಿಯಿಂದ ಸಿಕ್ಕಿಸಿ ಇಳಿದಳು. ಅವಳ ಹಿಂದೆಯೇ ಅವಳ ಹಿರಿಯ ಸವತಿ ಬಂದು ಇನ್ನೊಂದು ನೋಟು ಸಿಕ್ಕಿಸಿದಳು. ಇಬ್ಬರೂ ಬೇರೆ ಬೇರೆ ದಿಕ್ಕಿನಿಂದ ಇಳಿದು ಹೋಗಿ ಕೂತರು.

1989ರಲ್ಲಿ ರಜೆಗೆ ಸವಣೂರಿಗೆ ಬಂದೆವು. ಒಂದು ಬೆಳಿಗ್ಗೆ ಓರಗಿತ್ತಿ, ನಾನು ಇಬ್ಬರೂ ಒಲೆಯ ಮುಂದೆ ಇದ್ದೆವು. ಒಗ್ಗರಣೆಗೆ ಇಟ್ಟು ನೋಡಿದರೆ ಕರಿಬೇವು ಇಲ್ಲ. ಓರಗಿತ್ತಿ ತನ್ನ ಮಗನನ್ನು ಕೂಗಿದಳು, ಅವನು ಎಲ್ಲೋ ಆಡಲು ಹೋಗಿದ್ದ. ಹಿತ್ತಲ ಕಟ್ಟೆಯ ಮೇಲೆ ಕೂತಿದ್ದ ನಮ್ಮ ಹುಡುಗ ಗೋಡೆ ಹಿಡಿದು ಎದ್ದ. ಟಕ್ ಅಂತು.

“ದೊಡ್ಡವ್ವಾ, ಎಲಿ ಅಷ್ಟ ಸಾಕೇನು, ಗಿಡಾನ ಕಿತಗೊಂಡು ಬರಲೇನು?”

“ಅಯ್ಯ, ಮಾತು ನೋಡು ಇವಂದು!” ಎಂದು ಆಕೆ ನಕ್ಕಳು. ಸಾಸಿವೆ ಸಿಡಿಯುತ್ತಿತ್ತು, ನಾನು ಒಲೆಯ ಉರಿ ಸಣ್ಣ ಮಾಡಿದೆ.